ಕೋಡಿದ್ದ ನಾಯಕ



ಕಲಬುರಗಿಯ ಸ್ಟೇಶನ್ ಬಜಾರದಿಂದ ಬಂದ ಪತ್ರವೊಂದು ಈ ಸಲ ಉಪ್ಪಿನಕಾಯಿಯ ಮಾತನ್ನು ಪಕ್ಕಕ್ಕೆ ಸರಿಸಿದೆ. ಬರೆದವರು ರೊಟ್ಟಿ ಬಡಿಯುತ್ತಿದ್ದಾಗ ಕಾಲೇಜಿಗೆ ಹೋಗುವ ಮಗಳು ಮೊಬೈಲಿನಲ್ಲಿದ್ದ ಇಂಗ್ಲಿಷ್ ಕಾದಂಬರಿಯೊಂದನ್ನು ಕನ್ನಡದಲ್ಲಿ ಹೇಳುತ್ತ ಹೋದಳಂತೆ. ನಡುನಡುವೆ ನಾಲ್ಕಾರು ಪುಟ ಹಾರಿಸಿದ್ದೂ ತಾಯಿಗೆ ಗೊತ್ತಾಗಿದೆ!

"ಅಕ್ಕಾರ, ಅದರಾಗಿನ ನಾಯಕ ಮನುಷ್ಯಾನೇ ಅಲ್ರೀ. ತಲಿ ಮ್ಯಾಲ ಕೋಡು, ಹಿಂದ ಬಾಲ. ಮೊದಲ ಅಸಹ್ಯ ಆಯ್ತು. ಆದ್ರ ಅಂವ ಆಕಿಗಿ 'ಉಂಡೀಯೇನು?' ಅಂತ ಕೇಳ್ತಾನ. ನನಗ ಲಗ್ನಾಗಿ ಇಪ್ಪತ್ತೆರಡು ವರ್ಷ ಆಯ್ತು, ನಮ್ಮನ್ಯಾಗ ಒಬ್ರೂ ಹಂಗ ಕೇಳಿಲ್ಲ. ಇಂಥಾ ಕಥಿ ಮನಸ್ಸಿಗಿ ಹಿಡಿಸಿದ್ರ ತಪ್ಪೇನ್ರಿ?"

ತಪ್ಪಲ್ಲ ತಂಗಿ. ಇದು ಹೊಸ ಹುಚ್ಚೂ ಅಲ್ಲ. ನಮ್ಮ ಅಜ್ಜಿಯರ ಕಥೆಗಳಲ್ಲಿ ಹಾವು ಗಂಡನಾಗಿ ಬರುತ್ತಿತ್ತಲ್ಲ! ಅಂಥ ಕಥೆಯನ್ನು ಎ. ಕೆ. ರಾಮಾನುಜನ್ನರಿಂದ ಕೇಳಿಯೇ ಗಿರೀಶ ಕಾರ್ನಾಡರು 1988ರಲ್ಲಿ 'ನಾಗಮಂಡಲ' ನಾಟಕ ಬರೆದದ್ದು. ಅಪ್ಪಣ್ಣ ಹೆಂಡತಿ ರಾಣಿಯನ್ನು ಒಳಗಿಟ್ಟು ಬೀಗ ಜಡಿದು ಇನ್ನೊಬ್ಬಳ ಮನೆಗೆ ಹೋಗುವವನು. ಮಧ್ಯಾಹ್ನ ಊಟಕ್ಕಷ್ಟೇ ಬರುತ್ತಾನೆ. ಅವನ ಮನಸ್ಸು ತಿರುಗಲೆಂದು ಕುರುಡವ್ವ ಕೊಟ್ಟ ಬೇರನ್ನು ಅರೆದು ಹಾಕಿದರೆ ಅಡಿಗೆ ರಕ್ತದಂತೆ ಕೆಂಪಾಗುತ್ತದೆ. ಹೆದರಿದ ರಾಣಿ ಅದನ್ನು ಹುತ್ತಕ್ಕೆ ಸುರಿಯುತ್ತಾಳೆ. ಅದನ್ನುಂಡ ನಾಗ ಗಂಡನ ರೂಪದಲ್ಲಿ ರಾತ್ರಿ ಬಂದು ತವರಿನ ಸುದ್ದಿ ಕೇಳುತ್ತಾನೆ. ನೋಡಿದಿರಾ, ಅಲ್ಲಿಯೂ ಹುಡುಗಿ ಸೋತದ್ದು ಮಾತಾಡಿಸಿದವನಿಗೆ. ಮುಂದೆ ಅವಳು ಬಸಿರಾದಾಗ ಹಿರಿಯರ ಮುಂದೆ ಹಾವು ಹಿಡಿದು ಆಣೆ ಮಾಡಬೇಕಾಗುತ್ತದೆ. ಹಾವು ಕಚ್ಚದೆ ಹೆಡೆಯ ನೆರಳು ಹಿಡಿಯುತ್ತದೆ, ಜಾರಿಣಿ ಎಂದ ಊರೇ ದೇವಿ ಎಂದು ಕಾಲಿಗೆ ಬೀಳುತ್ತದೆ.

ಆದರೂ ಆ ನಾಗನ ಮೇಲೆ ನನಗೊಂದು ತಕರಾರಿದೆ. ಎಷ್ಟೇ ಅಕ್ಕರೆಯಿರಲಿ, ತಾನು ಯಾರೆಂದು ಅವಳಿಗೆ ಹೇಳಲಿಲ್ಲ. ನಿಮ್ಮ ಕೋಡಿನವನು ಕೋಡನ್ನು ಮುಚ್ಚಿಡಲಿಲ್ಲ, ಅಷ್ಟರಮಟ್ಟಿಗೆ ಮೇಲು. ಫ್ರಾನ್ಸಿನಲ್ಲಿ ವಿಲ್ನೋವ್ ಎಂಬಾಕೆ 1740ರಲ್ಲಿ ಬರೆದ 'ಸುಂದರಿ ಮತ್ತು ಮೃಗ' ಕಥೆಯನ್ನು 1756ರಲ್ಲಿ ಬೋಮೋಂ ಎಂಬಾಕೆ ಎಳೆಯ ಹುಡುಗಿಯರಿಗೆಂದು ಚಿಕ್ಕದು ಮಾಡಿದರು. ಅಲ್ಲಿ ಮೃಗ ದಿನಾ ರಾತ್ರಿ ಊಟದ ಹೊತ್ತಿಗೆ 'ನನ್ನನ್ನು ಮದುವೆಯಾಗುವೆಯಾ?' ಎಂದು ಕೇಳುತ್ತದೆ. ಒಲ್ಲೆ ಎಂದರೆ ನಿಟ್ಟುಸಿರಿಟ್ಟು ಹೋಗುತ್ತದೆ. ಮುಖ ನೋಡದವನಿಗೆ ಕೊರಳೊಡ್ಡಿದ ಹುಡುಗಿಯರು ಈ ಕಥೆಯನ್ನು ಯಾಕೆ ಓದಿದರೆಂದು ಬಿಡಿಸಿ ಹೇಳಬೇಕೇ? (ನಮ್ಮ ಹಿಡಿಂಬೆಯದು ತಿರುವುಮುರುವು. ಭೀಮ ಹೋದ ಮೇಲೆ ಆಕೆಯ ಪಾಡೇನೆಂದು ಯಾರೂ ಕೇಳುವುದಿಲ್ಲ.)

ಮಗಳು ಹಾರಿಸಿದ ಪುಟಗಳ ಬಗ್ಗೆ ಒಂದು ಮಾತು. ಈ ಬಗೆಯ ಪುಸ್ತಕಗಳಲ್ಲಿ ಹಲವು ದೊಡ್ಡವರಿಗೆಂದೇ ಬರೆದವು. ಹೈಸ್ಕೂಲಿನ ತಂಗಿಯ ಕೈಗೆ ಅದೇ ಮೊಬೈಲು ಹೋಗುತ್ತಿದ್ದರೆ ಎಚ್ಚರವಿರಲಿ. ಕಸಿದುಕೊಳ್ಳಬೇಡಿ, ಜೊತೆಗೆ ಕೂತು ಮಾತಾಡಿ.

ಯಜಮಾನರಿಗೆ ಹೇಳಲೇ ಎಂದೂ ಕೇಳಿದ್ದೀರಿ. ನಾಗಾಭರಣರು 1997ರಲ್ಲಿ 'ನಾಗಮಂಡಲ'ವನ್ನು ಸಿನಿಮಾ ಮಾಡಿದ್ದಾರೆ. ಗಂಡನೂ ನಾಗನೂ ಪ್ರಕಾಶ್ ರೈ ಒಬ್ಬರೇ. ಭಾನುವಾರ ಊಟವಾದ ಮೇಲೆ ಇಬ್ಬರೂ ಕೂತು ನೋಡಿರಿ. ಮುಗಿದ ಮೇಲೆ ಅವರು ಏನಂದರು, ನನಗೆ ಬರೆಯಿರಿ.