ನೊಣದ ಮೆದುಳಿಗೂ ಬೆಳಗಾಗುತ್ತದೆ

ಅಮೃತೂರು ಸುತ್ತಿನ ಶಾಲೆಯೊಂದರಲ್ಲಿ ಮೆದುಳಿನ ಚಿತ್ರಪಟ ತೋರಿಸುತ್ತಿದ್ದೆ. "ಈ ನರಗಳು ಯಾವಾಗಲೂ ಹೀಗೇ ಇರ್ತಾವಾ ಸಾರ್?" ಎಂದು ಐದನೇ ತರಗತಿಯ ಹುಡುಗಿ ಕೇಳಿದಳು. "ಹೌದಮ್ಮ, ಚಿತ್ರದಲ್ಲಿರುವಂತೆ ಬರಿ" ಎಂದುಬಿಟ್ಟೆ. ಅದು ತಪ್ಪು ಉತ್ತರ.

ಬಾಳೆಹಣ್ಣಿಗೆ ಮುತ್ತುವ ಪುಟ್ಟ ಹಣ್ಣಿನ ನೊಣವನ್ನೇ ನೋಡಿ. ಅದರ ಮೆದುಳಿನ ಎಡಬಲಗಳಲ್ಲಿ ನಾಲ್ಕು ನಾಲ್ಕು ಚಿಕ್ಕ ನರಕೋಶಗಳಿವೆ. ದಿನದ ಗಡಿಯಾರ ನಡೆಸುವ ಕೋಶಗಳಲ್ಲಿ ಇವು ಮುಖ್ಯವಾದವು. ಇವುಗಳ ತುದಿಯ ಕವಲುಗಳು ಬೆಳಿಗ್ಗೆ ಪೊದೆಯಂತೆ ಹರಡಿಕೊಂಡಿರುತ್ತವೆ, ರಾತ್ರಿ ಕತ್ತರಿಸಿದಂತೆ ಕಡಿಮೆಯಾಗುತ್ತವೆ. ನೊಣವನ್ನು ಪೂರ್ಣ ಕತ್ತಲಲ್ಲಿಟ್ಟರೂ ಈ ಬದಲಾವಣೆ ನಿಲ್ಲದು. ಅರ್ಜೆಂಟೀನಾದ ವಿಜ್ಞಾನಿಗಳು 2008ರಲ್ಲಿ ಇದನ್ನು ತೋರಿಸಿದರು. ಮನೆನೊಣದ ಕಣ್ಣಿನ ಹಿಂದಿನ ಕೆಲವು ನರಕೋಶಗಳು ಹಗಲು ಉಬ್ಬಿ ರಾತ್ರಿ ಕುಗ್ಗುವುದು ಅದಕ್ಕೂ ಮೊದಲೇ ತಿಳಿದಿತ್ತು.

ಇದು ದೂರದ ಮಾತಲ್ಲ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ 600ಕ್ಕೂ ಹೆಚ್ಚು ತಲೆಮಾರು ಆರದ ಬೆಳಕಿನಲ್ಲೇ ಬೆಳೆದು ಬಂದ ಹಣ್ಣಿನ ನೊಣಗಳನ್ನು ಪರೀಕ್ಷಿಸಿದ್ದರು. ಹಗಲು ರಾತ್ರಿ ಕಾಣದ ಆ ವಂಶದಲ್ಲೂ ಗಡಿಯಾರ ಉಳಿದಿತ್ತು ಎಂಬ ವರದಿ 1999ರಲ್ಲಿ ಬಂತು.

ನನ್ನ ತಕರಾರು ನಮ್ಮ ಚಿತ್ರಪಟಗಳ ಮೇಲೆ. ಮೆದುಳನ್ನು ವಿದ್ಯುತ್ ತಂತಿಯಂತೆ ಬರೆಸುತ್ತೇವೆ, ಅಂಕ ಕೊಡುತ್ತೇವೆ. ಆಮೇಲೆ "ಇವನ ತಲೆಗೆ ಹತ್ತೋದಿಲ್ಲ" ಎಂದು ಮಗುವಿನ ಎದುರೇ ಹೇಳುತ್ತೇವೆ, ಆ ತಲೆ ಅಚ್ಚು ಹಾಕಿದ್ದೇನೋ ಎಂಬಂತೆ. ನೊಣದ ಕವಲಿಗೂ ಮಗುವಿನ ಕಲಿಕೆಗೂ ನೇರ ಗಂಟು ಹಾಕುತ್ತಿಲ್ಲ. ಅವು ಬೇರೆ ಬೇರೆ ವಿಷಯ. ಆದರೆ ನರಕೋಶ ಕಲ್ಲಿನಲ್ಲಿ ಕೆತ್ತಿದ್ದಲ್ಲ ಎಂಬುದಂತೂ ನಿಜ. ಚಿತ್ರದ ಕೆಳಗೆ "ಇದು ಒಂದು ಕ್ಷಣದ ಚಿತ್ರ" ಎಂದು ಬರೆಸಲು ಖರ್ಚೇನು?

ಆ ಕವಲುಗಳನ್ನು ನಮ್ಮ ಶಾಲೆಯ ಸೂಕ್ಷ್ಮದರ್ಶಕದಲ್ಲಿ ನೋಡಲಾಗದು. ಗಡಿಯಾರದ ಮುಳ್ಳನ್ನಾದರೂ ನೋಡಬಹುದು. ಗಾಜಿನ ಬಾಟಲಿಯಲ್ಲಿ ಕಳಿತ ಬಾಳೆಹಣ್ಣಿಡಿ. ನೊಣ ಬಂದ ಮೇಲೆ ಬಟ್ಟೆ ಕಟ್ಟಿ, ನಾಲ್ಕೈದು ದಿನ ಬಿಟ್ಟು ಅವನ್ನು ಹೊರಗೆ ಕಳಿಸಿ. ಬಾಟಲಿ ಕಿಟಕಿಯ ಬಳಿ ನೆರಳಿನಲ್ಲಿರಲಿ, ರಾತ್ರಿ ಬಲ್ಬಿನ ಬೆಳಕು ಬೀಳದಿರಲಿ. ಸುಮಾರು ಹತ್ತು ದಿನಕ್ಕೆ ಹೊಸ ನೊಣಗಳು ಕೋಶ ಒಡೆದು ಬರತೊಡಗುತ್ತವೆ. ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6ಕ್ಕೆ ಎಣಿಸಿ ಹೊರಬಿಡಿ. ಬೆಳಗಿನ ಹೊತ್ತಿಗೇ ಹೆಚ್ಚು ಬರುತ್ತವೆ. ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಹನ್ನೆರಡು ಗಂಟೆ, ಉಳಿದವು ನಾಲ್ಕೇ ಗಂಟೆ, ಹೋಲಿಸುವುದು ಸರಿಯೇ ಎಂದು ಯಾವ ಮಗುವಾದರೂ ಕೇಳಿದರೆ ಪೂರ್ತಿ ಅಂಕ ಕೊಡಿ.