ಏರುವ ರಸ್ತೆ, ತಗ್ಗುವ ಮನೆ

ಮನೆ ಕಟ್ಟುವವರು ಹೊಸಿಲನ್ನು ರಸ್ತೆಗಿಂತ ಎತ್ತರದಲ್ಲಿಡುವುದು ವಾಡಿಕೆ. ಆದರೆ ಚೆನ್ನೈ ನಗರದ ಅನೇಕ ಬೀದಿಗಳಲ್ಲಿ ರಸ್ತೆಯೇ ಹೊಸಿಲನ್ನು ಮೀರಿ ಬೆಳೆಯಿತು. ಸವೆದ ಡಾಂಬರಿನ ಮೇಲೆ ಹೊಸ ಡಾಂಬರು, ಅದರ ಮೇಲೆ ಮತ್ತೊಂದು ಪದರ. ಹೀಗೆ ವರ್ಷಗಳುರುಳಿದಂತೆ ಮೆಟ್ಟಿಲುಗಳು ಹೂತುಹೋದವು. ಮಳೆ ಬಂದರೆ ಬೀದಿಯ ನೀರು ನಡುಮನೆಗೇ ನುಗ್ಗತೊಡಗಿತು.

ಇದಕ್ಕೆ ಪರಿಹಾರ ಸರಳವಾದುದು: ಹೊಸದನ್ನು ಹಾಸುವ ಮೊದಲು ಹಳೆಯದನ್ನು ಕೆರೆದು ತೆಗೆಯುವುದು. ಅದಕ್ಕೆಂದೇ ಒಂದು ಯಂತ್ರವುಂಟು. ಅದರ ಕೆಳಭಾಗದಲ್ಲಿ ತಿರುಗುವ ಉಕ್ಕಿನ ಉರುಳೆ. ಉರುಳೆಯ ಸುತ್ತ ಟಂಗ್‌ಸ್ಟನ್ ಕಾರ್ಬೈಡಿನ ಮೊನೆಯುಳ್ಳ ಹಲ್ಲುಗಳು. ಗೊತ್ತುಮಾಡಿದಷ್ಟು ಆಳಕ್ಕೆ ಅದು ರಸ್ತೆಯನ್ನು ತೆಂಗಿನಕಾಯಿಯಂತೆ ತುರಿಯುತ್ತದೆ. ಹಲ್ಲುಗಳು ಕಾಯದಂತೆ, ಧೂಳೇಳದಂತೆ ನೀರು ಸಿಂಪಡಿಸುತ್ತದೆ. ತುರಿದುದನ್ನು ಚಲಿಸುವ ಪಟ್ಟಿಯ ಮೂಲಕ ಲಾರಿಗೆ ತುಂಬುತ್ತದೆ. ಅದೂ ವ್ಯರ್ಥವಲ್ಲ, ಕಾಯಿಸಿ ಹೊಸ ಡಾಂಬರಿನೊಡನೆ ಬೆರೆಸಿದರೆ ಮತ್ತೆ ರಸ್ತೆಯಾಗುತ್ತದೆ.

2021ರಲ್ಲಿ ತಮಿಳುನಾಡಿನ ಮುಖ್ಯ ಕಾರ್ಯದರ್ಶಿ ವಿ. ಇರೈ ಅನ್ಬು ಅವರು, ಹಳೆಯ ಪದರವನ್ನು ಕೆರೆದು ತೆಗೆದ ಮೇಲೆಯೇ ಹೊಸದನ್ನು ಹಾಸಬೇಕೆಂದು ಅಧಿಕಾರಿಗಳಿಗೆ ಸೂಚನೆಯಿತ್ತರು. ಹಾಸುವಷ್ಟನ್ನೇ ಕೆರೆದರೆ ರಸ್ತೆ ಇದ್ದ ಮಟ್ಟದಲ್ಲಿ ನಿಲ್ಲುತ್ತದೆ. ಹೂತ ಮೆಟ್ಟಿಲು ಮತ್ತೆ ಕಾಣಬೇಕಾದರೆ ಇನ್ನೂ ಆಳಕ್ಕಿಳಿಯಬೇಕು. ಯಂತ್ರ ಎಷ್ಟು ಕೆರೆಯಿತೆಂಬುದನ್ನು ಬಲ್ಲವಳು, ಮುಂದಿನ ಮಳೆಯಲ್ಲಿ ಹೊಸಿಲ ಮೇಲೆ ನಿಂತು ನೋಡುವ ಗೃಹಿಣಿ.