ಅರಿಶಿನ ಕೆಂಪಾಗದಿದ್ದರೆ

"ಕೆಮಿಸ್ಟ್ರಿಯವನು ಸಾಹಿತ್ಯ ಸಂಘದ ಪತ್ರಿಕೆಗೆ ಏನು ಬರೆದಾನು?" ಎಂದು ಸಂಪಾದಕ ಮಿತ್ರರು ನಕ್ಕರು. ಎರಡೇ ಎರಡು ಅಕ್ಷರಗಳ ಬಗ್ಗೆ ಬರೆಯುತ್ತೇನೆ ಎಂದೆ: ಎನ್.ಡಿ.

ಠಾಣೆಯ ಕಡೆ ನಮ್ಮ ಚಾಳಿನ ಬೋರ್‌ವೆಲ್ ನೀರನ್ನು ಕಳೆದ ವರ್ಷ ಪರೀಕ್ಷೆಗೆ ಕಳಿಸಿದ್ದೆವು. ರಿಪೋರ್ಟು ಇಂಗ್ಲಿಷಿನಲ್ಲಿ ಬಂತು. ಸೀಸ, ಪಾದರಸ, ಕ್ಯಾಡ್ಮಿಯಂ ಎಲ್ಲದರ ಮುಂದೆಯೂ ಎನ್.ಡಿ. ಪಕ್ಕದ ಖೋಲಿಯ ಕಲಬುರ್ಗಿ ಅಜ್ಜಿ ಕೇಳಿದರು: "ಹಂಗಂದ್ರ ಏನೋ ತಮ್ಮಾ? ವಿಷ ಇಲ್ಲಂತ ಹೌದಿಲ್ಲೋ?" ಹೌದು ಅಂದುಬಿಟ್ಟೆ. ಅದು ಸುಳ್ಳು. ಎನ್.ಡಿ. ಎಂದರೆ 'ಪತ್ತೆಯಾಗಿಲ್ಲ' ಎಂದಷ್ಟೇ. ಎಷ್ಟಿದ್ದರೆ ಆ ಯಂತ್ರಕ್ಕೆ ಪತ್ತೆಯಾಗುತ್ತದೆಂಬ ಅಂಕಿ ಆ ಕಾಗದದಲ್ಲಿ ಎಲ್ಲಿಯೂ ಇರಲಿಲ್ಲ. ಕುಡಿಯುವ ನೀರಿನ ಪಾದರಸಕ್ಕೆ ನಮ್ಮ ದೇಶದ ಮಿತಿ ಲೀಟರಿಗೆ 0.001 ಮಿಲಿಗ್ರಾಂ, ಅಂದರೆ 1000 ಲೀಟರಿನ ಟಾಂಕಿಗೆ ಒಂದೇ ಮಿಲಿಗ್ರಾಂ. ಅಷ್ಟು ಸೂಕ್ಷ್ಮ ಕಣ್ಣಿಲ್ಲದ ಯಂತ್ರಕ್ಕೆ ಕೆಟ್ಟ ನೀರೂ ಎನ್.ಡಿ.ಯೇ!

ಆ ಸಿಟ್ಟಿನಲ್ಲೇ ಹುರುಳಿಗೆ ಕೈಹಾಕಿದೆ. ಹುರುಳಿಯಲ್ಲಿ, ಕಲ್ಲಂಗಡಿ ಬೀಜದಲ್ಲಿ ಯೂರಿಯೇಸ್ ಎಂಬ ಕಿಣ್ವವಿದೆ. ಅದು ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತದೆ, ನೀರು ಕ್ಷಾರವಾಗುತ್ತದೆ. ಕ್ಷಾರಕ್ಕೆ ಅರಿಶಿನ ಕೆಂಪಾಗುವುದನ್ನು ಆರತಿ ತಟ್ಟೆಯ ಸುಣ್ಣದ ನೀರಿನಲ್ಲಿ ನಮ್ಮ ಅಮ್ಮಂದಿರು ದಿನಾ ಕಂಡವರೇ. ಪಾದರಸ, ತಾಮ್ರ, ಬೆಳ್ಳಿಯಂಥ ಲೋಹಗಳು ಈ ಕಿಣ್ವದ ಕೈಕಟ್ಟುತ್ತವೆ. ನೆನೆಸಿ ಅರೆದು ಸೋಸಿದ ಹುರುಳಿ ರಸವನ್ನು ಪರೀಕ್ಷೆಯ ನೀರಿಗೆ ಬೆರೆಸಿ, ಸ್ವಲ್ಪ ಹೊತ್ತು ಬಿಟ್ಟು ಯೂರಿಯಾ, ಅರಿಶಿನ ಹಾಕಬೇಕು. ಕೆಂಪಾದರೆ ಕಿಣ್ವ ಬದುಕಿದೆ. ಹಳದಿಯಾಗಿಯೇ ಉಳಿದರೆ ಅನುಮಾನ. ಲ್ಯಾಬಿನಲ್ಲಿ ಮೇಷ್ಟ್ರ ಎದುರಿಗೇ ಪಾದರಸದ ಲವಣ ಬೆರೆಸಿದ ನೀರು ಹಳದಿಯಾಗಿಯೇ ಕೂತಿತು.

"ಇದು ಮಕ್ಕಳಾಟ" ಎನ್ನುತ್ತಾರೆ ನನ್ನ ಸಹಪಾಠಿಗಳು. ಅರ್ಧ ಒಪ್ಪುತ್ತೇನೆ. ಯಾವ ಲೋಹವೆಂದು ಇದು ಹೇಳದು. ನೀರು ಹುಳಿಯಿದ್ದರೂ ಬಣ್ಣ ಏರದು. ಹುರುಳಿಯ ಬೇರೆ ಪ್ರೋಟೀನುಗಳೇ ಪಾದರಸವನ್ನು ಹಿಡಿದಿಟ್ಟು ಕಿಣ್ವವನ್ನು ಕಾಪಾಡಿಬಿಡುತ್ತವೆ, ಹಾಗಾಗಿ 0.001ರ ಹತ್ತಿರ ಹೋಗುವ ಮಾತೇ ಇಲ್ಲ. ಕೆಂಪಾಯಿತೆಂದು ಯಾರೂ ನಂಬಿ ಕುಡಿಯಬಾರದು. ಆದರೆ ಹಳದಿ ಉಳಿದರೆ, ಪ್ರಯೋಗಶಾಲೆಯ ಬಾಗಿಲು ಬಡಿಯಲು ಅಜ್ಜಿಯ ಕೈಗೆ ಒಂದು ಕಾರಣ ಸಿಕ್ಕಿತಲ್ಲ!

ಯಂತ್ರವಿದ್ದವರೆಲ್ಲ ಕಂಡದ್ದನ್ನು ಹೇಳುತ್ತಾರೆಂದು ನಂಬುವಂತಿಲ್ಲ. ಜಪಾನಿನ ಮಿನಮಾಟದಲ್ಲಿ ಪಾದರಸದ ರೋಗ ಬಯಲಾದದ್ದು 1956ರಲ್ಲಿ. 1959ರಲ್ಲಿ ಕಾರ್ಖಾನೆಯ ವೈದ್ಯರೇ ಅದರ ತ್ಯಾಜ್ಯವನ್ನು ಬೆಕ್ಕಿಗೆ ತಿನ್ನಿಸಿ, ಅದೇ ರೋಗ ಬಂದದ್ದನ್ನು ಕಂಡರು. ಕಂಪೆನಿ ಆ ಫಲಿತಾಂಶವನ್ನು ಮುಚ್ಚಿಟ್ಟಿತು. ಸರಕಾರ ಕಾರಣವನ್ನು ಒಪ್ಪಿಕೊಂಡದ್ದು 1968ರಲ್ಲಿ.

ನನ್ನ ಬೇಡಿಕೆ ಇಷ್ಟೇ: ಯಾವ ಪ್ರಯೋಗಶಾಲೆಯೂ ಬರೀ ಎನ್.ಡಿ. ಬರೆಯಕೂಡದು, ತನ್ನ ಯಂತ್ರದ ಮಿತಿಯನ್ನು ಅಂಕಿಯಲ್ಲಿ, ನೀರು ಕುಡಿಯುವವರ ಭಾಷೆಯಲ್ಲಿ ಬರೆಯಬೇಕು. ಅಜ್ಜಿಗೆ ನಾನಿನ್ನೂ ನಿಜ ಹೇಳಿಲ್ಲ. ಈ ಭಾನುವಾರ ಹೇಳಬೇಕು. ಗೆಳೆಯರೇ, ಮುಂದಿನ ಸಭೆಗೆ ನಿಮ್ಮ ನಿಮ್ಮ ಬೋರ್‌ವೆಲ್ಲಿನಿಂದ ಒಂದೊಂದು ಬಾಟಲಿ ನೀರು ತನ್ನಿ. ಹುರುಳಿ ನಾನು ನೆನೆಹಾಕಿರ್ತೇನೆ.